ಕ್ಷೌರದ ಕತ್ತಿಯ ಜೀರ್ಣೋದ್ಧಾರ

ಹಿಡಿಯೊಳಕ್ಕೆ ಮಡಿಚಿಡುವ ನೇರ ಅಲಗಿನ ಕ್ಷೌರದ ಕತ್ತಿಯನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಕೈಯಲ್ಲಿ ಹಿಡಿದು ನೋಡಿರಲಾರರು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನು ಬಳಸಿ ಬಿಸಾಡುವ ತೆಳುವಾದ ಅಲಗಿಗೆ 1904ರಲ್ಲಿ ಪೇಟೆಂಟ್ ಪಡೆದನು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಅದನ್ನು ಲಕ್ಷಾಂತರ ಸಿಪಾಯಿಗಳಿಗೆ ಹಂಚಿತು. ಅಲ್ಲಿಂದ ಮುಂದೆ ಹಳೆಯ ಕತ್ತಿಯ ಕಾಲ ಇಳಿಮುಖವಾಯಿತು. ಆದರೆ ಅದಕ್ಕೆ ಹಿಂದೆ ಬಹುಕಾಲ ಇಂಗ್ಲೆಂಡಿನ ಶೆಫೀಲ್ಡ್ ನಗರವೂ ಜರ್ಮನಿಯ ಜೋಲಿಂಗೆನ್ ನಗರವೂ ಲೋಕಕ್ಕೆಲ್ಲ ಕತ್ತಿಗಳನ್ನು ಒದಗಿಸಿದ್ದವು. ಅವುಗಳಲ್ಲಿ ಎಷ್ಟೋ ಇಂದಿಗೂ ಹಳೆಯ ಪೆಟ್ಟಿಗೆಗಳ ತಳದಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ತುಕ್ಕು ಹಿಡಿದು ಬಿದ್ದಿವೆ. ನೂರೈವತ್ತು ವರ್ಷದ ಇಂಥ ಕತ್ತಿಯನ್ನು ಮತ್ತೆ ಕೂದಲು ಕತ್ತರಿಸುವಂತೆ ಮಾಡಬಹುದು. ಅದಕ್ಕೆ ಬೇಕಾದುದು ಕಾಗದ, ನೀರು, ಕಲ್ಲು, ತೊಗಲು ಮತ್ತು ಕೆಲವು ಸಂಜೆಗಳ ಬಿಡುವು. ವಿದ್ಯುತ್ತಿನ ಸಾಣೆಚಕ್ರವೊಂದಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟೊಂದು ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಆ ಐದು ನಿಮಿಷದಲ್ಲಿ ಕತ್ತಿ ಹೊಳೆಯುವುದು ನಿಜ. ಬಹುಮಟ್ಟಿಗೆ ಅದೇ ಐದು ನಿಮಿಷದಲ್ಲಿ ಅದು ಸಾಯುವುದೂ ನಿಜ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಉಕ್ಕಿನ ಒಳಗಣ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಮೆದು ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದ ಇಂಗಾಲದ್ದು. ಕ್ಷೌರದ ಕತ್ತಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ಇಂಗಾಲವಿರುವುದು. 18ನೆಯ ಶತಮಾನದ ಮೊದಲ ಭಾಗದವರೆಗೂ ಯುರೋಪಿನಲ್ಲಿ ಉಕ್ಕನ್ನು ತಯಾರಿಸುತ್ತಿದ್ದ ರೀತಿಯೆಂದರೆ, ಕಬ್ಬಿಣದ ಸರಳುಗಳನ್ನು ಇದ್ದಿಲಿನ ಪುಡಿಯಲ್ಲಿ ಹೂತು ಹಲವು ದಿನ ಕಾಯಿಸುವುದು. ಇಂಗಾಲ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಆದುದರಿಂದ ಸರಳಿನ ಹೊರಭಾಗ ಒಂದು ಬಗೆ, ಒಳಭಾಗ ಇನ್ನೊಂದು ಬಗೆ. ನಡುನಡುವೆ ಕಿಟ್ಟದ ಗೆರೆಗಳು. ಕೊಡಲಿಗೆ ಇಷ್ಟು ಸಾಕು. ಆದರೆ ಕ್ಷೌರದ ಕತ್ತಿಯ ಬಾಯಿಯ ದಪ್ಪ ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಅಂಚಿಗೆ ಕಿಟ್ಟದ ಒಂದು ಕಣ ಅಡ್ಡ ಬಂದರೂ ಅಲ್ಲೊಂದು ಕಚ್ಚು ಬೀಳುವುದು. ಗಡಿಯಾರಗಳನ್ನು ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ ಎಂಬಾತನಿಗೆ ತನ್ನ ಸುರುಳಿ ಕಮಾನುಗಳಿಗೆ ಎಲ್ಲೆಡೆಯೂ ಒಂದೇ ಗುಣದ ಉಕ್ಕು ಬೇಕಾಯಿತು. ಅವನು 1740ರ ಸುಮಾರಿಗೆ ಶೆಫೀಲ್ಡಿನ ಬಳಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ಣವಾಗಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ಸಾಧಿಸಿದನು. ಕರಗಿದ ಲೋಹದಲ್ಲಿ ಕಿಟ್ಟ ಮೇಲಕ್ಕೆ ತೇಲಿತು. ಇಂಗಾಲ ಸಮನಾಗಿ ಹರಡಿತು. ಶೆಫೀಲ್ಡಿನ ಕ್ಷೌರದ ಕತ್ತಿಗಳ ಕೀರ್ತಿಯ ಬುಡದಲ್ಲಿರುವುದು ಈ ಮೂಸೆ. ಅಂಥ ಕುಲುಮೆಯೊಂದನ್ನು ಇಂದಿಗೂ ಆ ನಗರದ ಆಬೀಡೇಲ್ ಎಂಬಲ್ಲಿ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ.

ಮೂಸೆಯ ಉಕ್ಕು ಯುರೋಪಿಗೆ ಹೊಸದಾಗಿದ್ದರೂ ದಕ್ಷಿಣ ಭಾರತಕ್ಕೆ ಹೊಸದಲ್ಲ. ಇಲ್ಲಿ ಬಹು ಹಿಂದಿನಿಂದಲೂ ಕಬ್ಬಿಣದ ತುಂಡನ್ನೂ ಕಟ್ಟಿಗೆಯ ಚೂರನ್ನೂ ಸಣ್ಣ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕಿನ ಗಟ್ಟಿಗಳನ್ನು ಮಾಡುತ್ತಿದ್ದರು. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಈ ಕೆಲಸವನ್ನು ಕಂಡು ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ಇದಕ್ಕೆ 'ವೂಟ್ಸ್' ಎಂದು ಹೆಸರಾಯಿತು. ನಮ್ಮ 'ಉಕ್ಕು' ಎಂಬ ಮಾತೇ ಹೀಗೆ ರೂಪ ಕೆಟ್ಟು ಅಲ್ಲಿಗೆ ಹೋಯಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇದರ ಮೇಲೊಂದು ಪ್ರಬಂಧವನ್ನು ಮಂಡಿಸಿದನು. ಲಂಡನ್ನಿನ ಕತ್ತಿಗಾರ ಜೇಮ್ಸ್ ಸ್ಟೋಡಾರ್ಟ್ ಇದರಿಂದ ಶಸ್ತ್ರಗಳನ್ನು ಮಾಡಿ, ಇದನ್ನು ಯುರೋಪಿನ ಉಕ್ಕಿಗಿಂತ ಮೇಲೆಂದು ಬಗೆದನು. ಅವನ ಜೊತೆಗೂಡಿ ಈ ಉಕ್ಕಿನ ಗುಟ್ಟನ್ನು ಹುಡುಕಲು ಹೊರಟ ತರುಣನೇ ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯನ್ನು ನಾವೆಲ್ಲ ಬಲ್ಲೆವು. ಉಕ್ಕಿನ ಫ್ಯಾರಡೆಯನ್ನು ಬಲ್ಲವರು ಕಡಿಮೆ. ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಮೊದಲಾದ ಲೋಹಗಳನ್ನು ಬೆರೆಸಿ ನೋಡಿ, 1820ರಲ್ಲಿಯೂ 1822ರಲ್ಲಿಯೂ ಫಲಿತಾಂಶಗಳನ್ನು ಪ್ರಕಟಿಸಿದರು. ಹೀಗೆ ಮಾಡಿದ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ತನ್ನ ಮಿತ್ರರಿಗೆ ಕಾಣಿಕೆಯಾಗಿ ಕೊಟ್ಟನು. ಆ ಪ್ರಯೋಗಗಳ ಪ್ರಭಾವದಿಂದ ಶೆಫೀಲ್ಡಿನವರು ತಮ್ಮ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂದು ಮುದ್ರೆ ಒತ್ತತೊಡಗಿದರು. ಹಳೆಯ ಕತ್ತಿಯ ಮೇಲೆ ಈ ಮಾತು ಕಂಡರೆ ಒಳಗೆ ಬೆಳ್ಳಿಯಿದೆಯೆಂದು ನಂಬಬೇಕಾಗಿಲ್ಲ. ವ್ಯಾಪಾರಿಯ ಮುದ್ರೆ ಬೇರೆ, ರಸಾಯನಶಾಸ್ತ್ರಜ್ಞನ ವಿಶ್ಲೇಷಣೆ ಬೇರೆ.

ಒಳ್ಳೆಯ ಉಕ್ಕು ದೊರೆತ ಮಾತ್ರಕ್ಕೆ ಕತ್ತಿ ಆಗಲಿಲ್ಲ. ಅದಕ್ಕೆ ಹದ ಬೇಕು. ಈ ಹದವೆಂಬುದನ್ನು ಒಂದು ಸೂಜಿಯಿಂದ ಶಾಲೆಯ ಪ್ರಯೋಗಾಲಯದಲ್ಲಿಯೇ ತಿಳಿಯಬಹುದು. ಹೊಲಿಗೆಯ ಉಕ್ಕಿನ ಸೂಜಿಯನ್ನು ಇಕ್ಕುಳದಲ್ಲಿ ಹಿಡಿದು ದೀಪದ ಜ್ವಾಲೆಯಲ್ಲಿ ಕೆಂಪಾಗುವಂತೆ ಕಾಯಿಸಿ, ಜ್ವಾಲೆಯಿಂದ ಮೆಲ್ಲಮೆಲ್ಲನೆ ಹೊರತೆಗೆದು ಆರಲು ಬಿಡಿ. ಅದೀಗ ತಂತಿಯಂತೆ ಬಾಗುವುದು, ಬಾಗಿದಂತೆಯೇ ಉಳಿಯುವುದು. ಮತ್ತೆ ಕೆಂಪಗೆ ಕಾಯಿಸಿ ತಟ್ಟನೆ ನೀರಿಗೆ ಅದ್ದಿ. ಈಗ ಬಾಗಿಸಹೋದರೆ ಗಾಜಿನಂತೆ ಪಟ್ಟೆಂದು ಮುರಿಯುವುದು. (ಕಣ್ಣಿಗೆ ಕನ್ನಡಕವಿರಲಿ, ಮುರಿದ ಚೂರು ಹಾರುವುದುಂಟು.) ಹೀಗೆ ತಣಿಸಿದ ಮತ್ತೊಂದು ಸೂಜಿಯನ್ನು ಉಜ್ಜಿ ಬೆಳಗಿಸಿ, ಅದರ ಮೈ ನೀಲಿಯಾಗುವವರೆಗೆ ಮಾತ್ರ ಹದವಾಗಿ ಕಾಯಿಸಿ ನೋಡಿ: ಅದು ಮುರಿಯದೆ ಕಮಾನಿನಂತೆ ಬಾಗಿ ಮತ್ತೆ ನೆಟ್ಟಗಾಗುವುದು. ಉಕ್ಕು ಒಂದೇ, ಇಂಗಾಲವೂ ಅಷ್ಟೇ. ಗುಣ ಮಾತ್ರ ಮೂರು.

ಕೆಂಪಗೆ ಕಾದ ಉಕ್ಕಿನಲ್ಲಿ ಕಬ್ಬಿಣದ ಪರಮಾಣುಗಳು ಒಂದು ಬಗೆಯ ಜಾಲರಿಯಾಗಿ ನಿಂತಿರುತ್ತವೆ. ಅದರ ಎಡೆಗಳಲ್ಲಿ ಇಂಗಾಲದ ಪರಮಾಣುಗಳಿಗೆ ಸ್ಥಳವಿರುತ್ತದೆ. ನಿಧಾನವಾಗಿ ಆರಿದಾಗ ಜಾಲರಿ ಬೇರೊಂದು ರೂಪಕ್ಕೆ ತಿರುಗುವುದು. ಆ ರೂಪದಲ್ಲಿ ಇಂಗಾಲಕ್ಕೆ ಎಡೆಯಿಲ್ಲದ್ದರಿಂದ ಅದು ಹೊರಬಂದು ಬೇರೆ ಕೂಡಿಕೊಳ್ಳುವುದು. ತಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ದೊರೆಯದು. ಅದು ಅಲ್ಲಲ್ಲಿಯೇ ಸಿಕ್ಕಿಬಿದ್ದು ಜಾಲರಿಯನ್ನು ಒಂದು ದಿಕ್ಕಿಗೆ ಹಿಗ್ಗಿಸಿ ಬಿಗಿಯುವುದು. ಈ ಬಿಗಿದ ರಚನೆಗೆ ಜರ್ಮನಿಯ ವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸನ ಗೌರವಾರ್ಥವಾಗಿ ಮಾರ್ಟೆನ್ಸೈಟ್ ಎಂದು ಹೆಸರು. ಉಕ್ಕಿನ ಕಾಠಿಣ್ಯವೆಂದರೆ ಈ ಸೆರೆಸಿಕ್ಕ ಇಂಗಾಲದ ಬಿಗಿತವೇ. ಪೂರ್ತಿ ಬಿಗಿತವಿದ್ದರೆ ಕತ್ತಿ ಗಾಜಿನಂತೆ ಸಿಡಿಯುವುದರಿಂದ ಕತ್ತಿಗಾರನು ಅದನ್ನು ಮತ್ತೆ 150ರಿಂದ 200 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಿಸಿ ಬಿಗಿತವನ್ನು ತುಸು ಸಡಿಲಿಸುತ್ತಾನೆ. ಅದಕ್ಕಿಂತ ಹೆಚ್ಚು ಕಾಯಿಸಿದಷ್ಟೂ ಇಂಗಾಲ ಸೆರೆಯಿಂದ ಬಿಡಿಸಿಕೊಂಡು ಉಕ್ಕು ಮೆತ್ತಗಾಗುತ್ತ ಹೋಗುತ್ತದೆ. ಆ ಬಳಿಕ ತಣ್ಣಗಾದರೂ ಕಾಠಿಣ್ಯ ಮರಳಿ ಬರುವುದಿಲ್ಲ.

ಬೆಳಗಿದ ಉಕ್ಕು ತಾನೆಷ್ಟು ಕಾದಿದ್ದೇನೆಂಬುದನ್ನು ಬಣ್ಣದಿಂದ ಹೇಳುತ್ತದೆ. ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 250ರ ಮೇಲೆ ಕಂದು, ಬಳಿಕ ನೇರಳೆ, 300ರ ಸುಮಾರಿಗೆ ನೀಲಿ. ಇವು ಉಕ್ಕಿನ ಬಣ್ಣಗಳಲ್ಲ. ಮೇಲ್ಮೈಯಲ್ಲಿ ಕಟ್ಟಿಕೊಂಡ ಅತಿ ತೆಳುವಾದ ಆಕ್ಸೈಡಿನ ಪೊರೆಯಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಕಳೆದು ತೋರುವ ಬಣ್ಣಗಳು, ಸಾಬೂನಿನ ಗುಳ್ಳೆಯಲ್ಲಿ ಕಾಣುವಂಥವು. ಸಾಣೆಚಕ್ರಕ್ಕೆ ಕತ್ತಿಯನ್ನು ಒತ್ತಿದಾಗ ಹಾರುವ ಕಿಡಿಗಳು ಗಾಳಿಯಲ್ಲಿ ಉರಿಯುತ್ತಿರುವ ಉಕ್ಕಿನ ಹುಡಿಯೇ ಆಗಿವೆ. ಆ ಶಾಖದ ಒಂದು ಪಾಲು ಅಲಗಿಗೂ ಇಳಿಯುತ್ತದೆ. ದಪ್ಪನಾದ ಬೆನ್ನಿನ ಕಡೆ ಅದು ಹರಡಿಹೋಗುವುದು. ಆದರೆ ಬಾಯಿಯ ಬಳಿ ಅಲಗು ಕಾಗದದಷ್ಟು ತೆಳು. ಶಾಖಕ್ಕೆ ಹರಿದುಹೋಗಲು ಲೋಹವೇ ಅಲ್ಲಿಲ್ಲ. ಒಂದೆರಡು ಸೆಕೆಂಡುಗಳಲ್ಲಿ ಆ ಅಂಚು ನೀಲಿಯಾಗುವುದು. ನಿಜವಾದ ಅಪಾಯ ಇರುವುದು ಇದಕ್ಕಿಂತ ಮುಂದೆ. ನೀಲಿ ಬಣ್ಣವನ್ನು ಅರೆ ನಿಮಿಷದಲ್ಲಿ ಉಜ್ಜಿ ತೆಗೆಯಬಹುದು. ಅದರ ಕೆಳಗಿನ ಮೆತುಗಬ್ಬಿಣವನ್ನು ಉಜ್ಜಿ ಗಟ್ಟಿಮಾಡಲಾಗದು. ಕನ್ನಡಿಯಂತೆ ಹೊಳೆಯುವ ಹಳೆಯ ಕತ್ತಿಯೊಂದು ಮಾರಾಟಕ್ಕೆ ಬಂದರೆ, ಅದನ್ನು ಹೊಳೆಯಿಸಿದ್ದು ಹೇಗೆ ಎಂಬುದು ಕೊಳ್ಳುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ. ಮತ್ತೆ ಕೆಂಪಗೆ ಕಾಯಿಸಿ ಹೊಸದಾಗಿ ಹದ ಕೊಡಬಾರದೇ ಎಂದರೆ, ಮಸೆದು ತೆಳುವಾದ ಅಲಗು ತಣಿಸುವಾಗ ತಿರುಚಿಕೊಳ್ಳುವುದು, ಇಲ್ಲವೆ ಸೀಳುವುದು. ಆದಕಾರಣವೇ ಮೂಲ ಕತ್ತಿಗಾರರು ಅಲಗನ್ನು ದಪ್ಪವಾಗಿರುವಾಗಲೇ ತಣಿಸಿ ಆಮೇಲೆ ಮಸೆಯುತ್ತಿದ್ದರು. ಕೈಯಿಂದ, ನೀರಿನಲ್ಲಿ, ನಿಧಾನವಾಗಿ ಮಾಡಬೇಕೆನ್ನುವುದು ಹಳೆಯ ಕಾಲದ ಮೇಲಿನ ಮೋಹದಿಂದಲ್ಲವೆಂಬುದು ಈಗ ಸ್ಪಷ್ಟವಾಗಿರಬಹುದು. ಬೆರಳಿಗೆ ಬಿಸಿಯೆನಿಸುವ ಮೊದಲೇ ಕೈ ನಿಲ್ಲುತ್ತದೆ, ಮತ್ತು ಬೆರಳು ತಡೆಯಲಾರದ ಬಿಸಿ ಉಕ್ಕಿಗೆ ಏನೂ ಅಲ್ಲ.

ಉಳಿಸಬೇಕಾದ ಎರಡನೆಯ ಸಂಗತಿ ಆಕಾರ. ಕ್ಷೌರದ ಕತ್ತಿಯ ದಪ್ಪನಾದ ಬೆನ್ನು ಕೇವಲ ಬಲಕ್ಕಾಗಿ ಇರುವುದಲ್ಲ. ಮಸೆಯುವಾಗ ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿನ ಮೇಲೆ ಒರಗಿಸುತ್ತಾರೆ; ಆಗ ಕೋನವನ್ನು ನಿರ್ಧರಿಸುವುದು ಕೈಯಲ್ಲ, ಬೆನ್ನು. ಅಲಗಿನ ಅಗಲ 18 ಮಿಲಿಮೀಟರು, ಬೆನ್ನಿನ ದಪ್ಪ 5.4 ಮಿಲಿಮೀಟರು ಎಂದಿಟ್ಟುಕೊಳ್ಳಿ. ಅರ್ಧ ದಪ್ಪ 2.7, ಅದನ್ನು 18ರಿಂದ ಭಾಗಿಸಿದರೆ 0.15. ಇಷ್ಟು ಸೈನ್ ಬೆಲೆಯ ಕೋನ ಸುಮಾರು 8.6 ಡಿಗ್ರಿ, ಎರಡು ಮಗ್ಗುಲೂ ಸೇರಿ 17 ಡಿಗ್ರಿ. ಅಡುಗೆಮನೆಯ ಚಾಕುವಿನ ಕೋನ ಇದರ ಸುಮಾರು ಎರಡರಷ್ಟು. ತಲೆಮಾರುಗಳ ಕಾಲ ಮಸೆದ ಕತ್ತಿಯಲ್ಲಿ ಅಗಲ ಕಡಿಮೆಯಾದರೂ, ಕಲ್ಲಿಗೆ ತಾಗಿ ಬೆನ್ನೂ ಜೊತೆಯಲ್ಲಿ ಸವೆಯುವುದರಿಂದ ಕೋನ ಹೆಚ್ಚು ಬದಲಾಗುವುದಿಲ್ಲ. ಯಾರು ಮೊದಲು ಯೋಚಿಸಿದರೋ ತಿಳಿಯದಾದರೂ ಇದೊಂದು ಸೊಗಸಾದ ಉಪಾಯ. ಯಂತ್ರದಲ್ಲಿ ಬೆನ್ನನ್ನು ಮಾತ್ರ ಉಜ್ಜಿ ಹೊಳೆಯಿಸಿದರೆ ಈ ಲೆಕ್ಕವೇ ಕೆಡುವುದು: ಬೆನ್ನು 4 ಮಿಲಿಮೀಟರಿಗೆ ಇಳಿಯಿತೆಂದರೆ ಕೋನ 13 ಡಿಗ್ರಿಗೂ ಕಡಿಮೆಯಾಗಿ, ಗಡ್ಡದ ಕೂದಲಿಗೆ ಅಂಚು ನಿಲ್ಲಲಾರದು.

ಇನ್ನು ಕೆಲಸಕ್ಕೆ ತೊಡಗುವ ಮುನ್ನ ತುಕ್ಕನ್ನು ಪರೀಕ್ಷಿಸಬೇಕು. ತುಕ್ಕು ಕೇವಲ ಮೇಲೆ ಕುಳಿತ ಕೊಳೆಯಲ್ಲ. ಅದು ಕತ್ತಿಯದೇ ಕಬ್ಬಿಣ, ಆಮ್ಲಜನಕ ಮತ್ತು ನೀರಿನೊಡನೆ ಕೂಡಿ ಎರಡು ಪಟ್ಟಿಗಿಂತಲೂ ಹೆಚ್ಚಾಗಿ ಉಬ್ಬಿಕೊಂಡದ್ದು. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಇದರ ನಡವಳಿಕೆಯನ್ನು ಒಂದು ಹನಿ ಉಪ್ಪುನೀರಿನಿಂದ ತೋರಿಸಿಕೊಟ್ಟನು. ಉಕ್ಕಿನ ತಗಡಿನ ಮೇಲೆ ಹನಿಯನ್ನಿಟ್ಟರೆ, ಗಾಳಿ ಚೆನ್ನಾಗಿ ತಾಗುವ ಹನಿಯ ಅಂಚಿನಲ್ಲಿ ಲೋಹ ಸುರಕ್ಷಿತ. ಗಾಳಿ ಸುಲಭವಾಗಿ ಮುಟ್ಟದ ನಡುಭಾಗದಲ್ಲಿಯೇ ಕಬ್ಬಿಣ ಕರಗುವುದು. ಹನಿ ಒಂದು ಸಣ್ಣ ವಿದ್ಯುತ್ಕೋಶವಾಗಿ ವರ್ತಿಸುತ್ತದೆ. ಹಳೆಯ ಕತ್ತಿಯ ಮೇಲೆ ತುಕ್ಕಿನ ಗುಪ್ಪೆಯೊಂದು ಕುಳಿತಲ್ಲಿಯೂ ಹೀಗೆಯೇ: ಗುಪ್ಪೆಯ ಅಡಿಯಲ್ಲಿ ಗಾಳಿ ಕಡಿಮೆ, ಬೆವರಿನ ಉಪ್ಪು ಹೆಚ್ಚು, ಆದ್ದರಿಂದ ಅಲ್ಲಿ ಕೊರೆತ ಆಳಕ್ಕಿಳಿಯುವುದು. ಮೇಲೆಲ್ಲ ಕೆಂಪಾಗಿ ಹರಡಿದ ತೆಳು ತುಕ್ಕು ನೋಡಲು ಭೀಕರವಾದರೂ ಅಷ್ಟು ಕೆಟ್ಟದ್ದಲ್ಲ. ಸಾಸಿವೆಯಷ್ಟೇ ಇರುವ ಕಪ್ಪು ಚುಕ್ಕೆಯನ್ನು ನಂಬಬಾರದು. ಅಂಥ ಗುಳಿ ಅಲಗಿನ ನಡುವೆ ಇದ್ದರೆ ಇರಲಿ, ಕ್ಷೌರಕ್ಕೆ ಅಡ್ಡಿಯಿಲ್ಲ. ಬಾಯಿಯ ಅಂಚಿನಲ್ಲಿದ್ದರೆ ಎಷ್ಟು ಮಸೆದರೂ ಅದು ಗರಗಸದ ಹಲ್ಲಾಗಿ ತೆರೆದುಕೊಳ್ಳುವುದು. ಅಂಚಿನಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಬಿರುಕು ಕಂಡರಂತೂ ಆ ಕತ್ತಿಯನ್ನು ಪ್ರದರ್ಶನಕ್ಕಿಟ್ಟು ಸುಮ್ಮನಾಗುವುದೇ ಲೇಸು.

ಬುಡದ ಮೇಲಣ ಮುದ್ರೆಯನ್ನು ಓದಿಕೊಳ್ಳುವುದು ಈ ಹಂತದಲ್ಲಿಯೇ. ಕಿರೀಟದ ಪಕ್ಕದಲ್ಲಿ ವಿ. ಆರ್. ಎಂಬ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಎಂದರೆ 1837ರಿಂದ 1901, ಡಬ್ಲ್ಯು. ಆರ್. ಇದ್ದರೆ ನಾಲ್ಕನೆಯ ವಿಲಿಯಮ್ಮನ ಏಳು ವರ್ಷಗಳು. ಬರೀ ಶೆಫೀಲ್ಡ್ ಎಂದಿರದೆ 'ಇಂಗ್ಲೆಂಡ್' ಎಂದೋ 'ಜರ್ಮನಿ' ಎಂದೋ ದೇಶದ ಹೆಸರೂ ಇದ್ದರೆ ಸಾಮಾನ್ಯವಾಗಿ ಅದು 1891ರ ಈಚಿನದು. ಆಮದಾದ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಆಗ ವಿಧಿಸಿತು. ಈ ಅಕ್ಷರಗಳನ್ನು ಉಜ್ಜಿ ಅಳಿಸಿದರೆ ಕತ್ತಿಯ ಜಾತಕವೇ ಹೋದಂತೆ.

ಹಿಡಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಹಳೆಯ ಹಿಡಿಗಳು ಕೊಂಬು, ಮೂಳೆ, ಆನೆಯ ದಂತ, ಗಟ್ಟಿಮಾಡಿದ ರಬ್ಬರು, ಸೆಲ್ಯುಲಾಯ್ಡ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ದಂತದ ವ್ಯಾಪಾರ ಭಾರತದಲ್ಲಿ ನಿಷಿದ್ಧ. ಅಂಥ ಹಿಡಿಯ ಕತ್ತಿಯನ್ನು ಕೊಳ್ಳುವ, ಮಾರುವ ಯೋಚನೆಯೇ ಬೇಡ. ಕೊಂಬು ಕೆರಟಿನ್ ಎಂಬ ಪ್ರೋಟೀನು, ಕತ್ತಿ ಕತ್ತರಿಸಬೇಕಾದ ಕೂದಲೂ ಅದೇ ಪ್ರೋಟೀನು. ಒಣಗಿ ಬಿರಿಯದಂತೆ ತುಸು ಎಣ್ಣೆ ತೀಡಿದರೆ ಸಾಕು. ಅಪಾಯದ್ದು ಸೆಲ್ಯುಲಾಯ್ಡ್. ಹತ್ತಿಯನ್ನು ನೈಟ್ರಿಕ್ ಆಮ್ಲದೊಡನೆ ಸಂಯೋಗಿಸಿ ಕರ್ಪೂರ ಬೆರೆಸಿ ಮಾಡಿದ ವಸ್ತುವಿದು. ಹೆಬ್ಬೆರಳಿನಿಂದ ಬಿರುಸಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುವುದು, ಬೆಂಕಿ ತಾಗಿದರೆ ಭಗ್ಗನೆ ಉರಿಯುವುದು. ಹಳತಾದಂತೆ ಅದು ತಾನಾಗಿಯೇ ಶಿಥಿಲವಾಗುತ್ತ ಸಾರಜನಕದ ಆಕ್ಸೈಡುಗಳನ್ನು ಹೊರಸೂಸುತ್ತದೆ. ಗಾಳಿಯ ತೇವದೊಡನೆ ಕೂಡಿ ಇವು ಮತ್ತೆ ಆಮ್ಲವಾಗುತ್ತವೆ. ಅಲಗಿನ ಹೊರಭಾಗ ಚೆನ್ನಾಗಿದ್ದು, ಮಡಿಚಿದಾಗ ಹಿಡಿಯೊಳಗೆ ಅಡಗುವ ಭಾಗ ಮಾತ್ರ ಒಂದೇ ಸಮನೆ ತುಕ್ಕು ಹಿಡಿದಿದ್ದರೆ ದೋಷ ಹಿಡಿಯದು. ಅಂಥ ಹಿಡಿಯನ್ನು ಕಳಚಿ ಬೇರೆ ಹಾಕದೆ ಅಲಗನ್ನೆಷ್ಟು ಬೆಳಗಿದರೂ ಪ್ರಯೋಜನವಿಲ್ಲ. ಕಳಚುವಾಗ ಕೀಲಿನ ತಲೆಯನ್ನು ಸಣ್ಣ ಅರದಿಂದ ತೇದು, ಕೀಲನ್ನು ಮೆಲ್ಲನೆ ಹೊರದೂಡಬೇಕು. ಇಕ್ಕುಳದಿಂದ ಎಳೆದರೆ ಹಿಡಿ ಸೀಳುತ್ತದೆ.

ತುಕ್ಕು ತೆಗೆಯಲು ಮೊದಲು ಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಡುವುದು, ಬಳಿಕ ಉಪ್ಪುಕಾಗದ. ಉಪ್ಪುಕಾಗದವೆಂದು ನಾವು ಕರೆದರೂ ಅದರಲ್ಲಿ ಉಪ್ಪೂ ಇಲ್ಲ, ಈಗಿನ ಕಾಗದದಲ್ಲಿ ಮರಳೂ ಇಲ್ಲ. ಇರುವುದು ಎಡ್ವರ್ಡ್ ಆಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದ ಸಿಲಿಕಾನ್ ಕಾರ್ಬೈಡಿನ ಹರಳು. ನೀರಿಗೆ ಕೆಡದಂಥ ಕಾಗದವನ್ನೇ ಆರಿಸಿಕೊಳ್ಳಬೇಕು. ಇದಕ್ಕೊಂದು ದುಃಖದ ಇತಿಹಾಸವಿದೆ. ಶೆಫೀಲ್ಡಿನಲ್ಲಿ ಮರಳುಗಲ್ಲಿನ ಚಕ್ರದ ಮುಂದೆ ಬಾಗಿ ಕುಳಿತು ಮಸೆಯುತ್ತಿದ್ದವರು ಕಲ್ಲಿನ ಧೂಳನ್ನು ಉಸಿರಾಡಿ ಶ್ವಾಸಕೋಶದ ರೋಗದಿಂದ ಸಾಯುತ್ತಿದ್ದರು. ಫೋರ್ಕುಗಳನ್ನು ಒಣ ಚಕ್ರದಲ್ಲಿ ಮಸೆಯುವವರು ಮೂವತ್ತರ ಆಸುಪಾಸಿನಲ್ಲಿಯೂ, ಒಣ ಮತ್ತು ಒದ್ದೆ ಎರಡೂ ಬಗೆಯಲ್ಲಿ ಮಸೆಯುವ ಕ್ಷೌರಕತ್ತಿಯವರು ನಲವತ್ತು ನಲವತ್ತೈದರ ನಡುವೆಯೂ ತೀರಿಕೊಳ್ಳುವರೆಂದು ಆ ನಗರದ ವೈದ್ಯ ಡಾ. ನೈಟ್ ಹೇಳಿದುದನ್ನು ಫ್ರೆಡ್ರಿಕ್ ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಉದ್ಧರಿಸಿದ್ದಾನೆ. ಅದೇ ನಗರದ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದನು. ನಾವಿಂದು ಕೈಗೆತ್ತಿಕೊಂಡು ಸೊಗಸೆನ್ನುವ ಅಲಗುಗಳ ನುಣುಪಿನಲ್ಲಿ ಆ ಮನುಷ್ಯರ ಆಯುಷ್ಯವೂ ಸೇರಿದೆ. ಒಂದು ಕತ್ತಿಯನ್ನು ಉಜ್ಜುವುದರಿಂದ ಯಾರಿಗೂ ಆ ರೋಗ ಬಾರದಾದರೂ ಧೂಳನ್ನು ಕುಡಿಯಬೇಕಾದ ಕಾರಣವಿಲ್ಲ. ಒಂದು ಬಟ್ಟಲು ನೀರು ಅದನ್ನು ತಡೆಯುತ್ತದೆ, ಅಲಗನ್ನೂ ತಣ್ಣಗಿಡುತ್ತದೆ.

ಅಲಗನ್ನು ಗಾಳಿಯಲ್ಲಿ ಹಿಡಿದು ಉಜ್ಜಬಾರದು. ಮರದ ತುಂಡೊಂದರ ಮೇಲೆ ಅದನ್ನು ಚಪ್ಪಟೆಯಾಗಿ ಒರಗಿಸಿ, ಬಾಯಿಗೆ ಅಂಟುಪಟ್ಟಿ ಹಚ್ಚಿ, ಬೆಂಡಿನ ಬಿರಡೆಗೆ ಕಾಗದವನ್ನು ಸುತ್ತಿಕೊಂಡು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ತೀಡಬೇಕು. ಬಾಯಿಯಿಂದ ಬೆನ್ನಿನ ಕಡೆಗೆ ಬಂದ ಬೆರಳು ಒಂದು ದಿನ ತಪ್ಪಿಯೇ ತಪ್ಪುವುದು. 400ರ ಅಂಕದ ಕಾಗದದ ಹರಳು ಸುಮಾರು 35 ಮೈಕ್ರಾನ್, 2,000ದ್ದು ಸುಮಾರು 10. ಒರಟು ಕಾಗದದ ಗೀರುಗಳನ್ನು ಮುಂದಿನ ನಯವಾದ ಕಾಗದ ಪೂರ್ತಿಯಾಗಿ ಅಳಿಸಿದ ಮೇಲೆಯೇ ಅದರ ಮುಂದಿನದಕ್ಕೆ ಹೋಗಬೇಕು. ಪ್ರತಿ ಸಲವೂ ದಿಕ್ಕನ್ನು ಸ್ವಲ್ಪ ಓರೆಮಾಡಿಕೊಂಡರೆ ಹಳೆಯ ಗೀರು ಉಳಿದಿದೆಯೇ ಇಲ್ಲವೇ ಎಂಬುದು ಕಣ್ಣಿಗೇ ತೋರುವುದು. ಬೇಸರಪಟ್ಟು ಒಂದು ಹೆಜ್ಜೆ ಹಾರಿದವನು ಮೂರು ಹೆಜ್ಜೆ ಹಿಂದಕ್ಕೆ ಬರಬೇಕಾಗುತ್ತದೆ. ವಿನೆಗರಿನಂಥ ಆಮ್ಲದಲ್ಲಿ ಮುಳುಗಿಸಿದರೆ ತುಕ್ಕು ಬೇಗ ಬಿಡುವುದೇನೋ ನಿಜ. ಆದರೆ ಆಮ್ಲ ತುಕ್ಕಿಗೂ ಉಕ್ಕಿಗೂ ಭೇದ ತಿಳಿಯದು. ಅದರಿಂದ ಹುಟ್ಟುವ ಜಲಜನಕ ಗಡುಸಾದ ಉಕ್ಕಿನೊಳಕ್ಕೆ ಹೊಕ್ಕು ಅದನ್ನು ಪೆಡಸುಮಾಡುವುದೂ ಉಂಟು.

ಎಲ್ಲಿ ನಿಲ್ಲಿಸಬೇಕು? ಇದರಲ್ಲಿ ಅಭಿಪ್ರಾಯಭೇದವಿದೆ. ಹೊಸದರಂತೆ ಹೊಳೆಯುವವರೆಗೂ ಬಿಡಬಾರದೆನ್ನುವವರು ಕೆಲವರು. ಕೆಂಪು ತುಕ್ಕು ಹೋಗಿ ಅಲಗು ಸ್ವಚ್ಛವಾದ ಮೇಲೆ ಉಳಿಯುವ ಬೂದುಗಪ್ಪು ಛಾಯೆಯನ್ನು ಮುಟ್ಟದಿರುವುದೇ ಸರಿಯೆಂದು ಈ ಲೇಖಕನ ಎಣಿಕೆ. ಪ್ರತಿಯೊಂದು ಗುಳಿಯನ್ನೂ ಅಳಿಸಹೊರಟರೆ ಅಷ್ಟು ಉಕ್ಕೂ ಹೋಗುವುದು, ಮುದ್ರೆಯೂ ಮಾಸುವುದು, ಬೆನ್ನು ಸವೆದು ಮೇಲೆ ಹೇಳಿದ ಕೋನದ ಲೆಕ್ಕವೂ ತಪ್ಪುವುದು.

ಹರಿತ ಬರುವುದು ಕಲ್ಲಿನ ಮೇಲೆ. ಮೊದಲು 1,000ದ ಅಂಕದ ಕಲ್ಲು, ಕಣ ಸುಮಾರು 15 ಮೈಕ್ರಾನ್. ಇದರಲ್ಲಿ ಎರಡು ಓರೆಮುಖಗಳೂ ಅಂಚಿನುದ್ದಕ್ಕೂ ಒಂದನ್ನೊಂದು ಸಂಧಿಸುವಂತೆ ಮಾಡಬೇಕು. ಉಳಿದುದೆಲ್ಲವೂ ಇದರ ಮೇಲೆ ನಿಂತಿದೆ. ಇಲ್ಲಿ ಅರ್ಧ ಗಂಟೆ ಹೋದರೂ ಹೋಗಲಿ. ಬೆನ್ನನ್ನು ಎತ್ತದೆ, ಒತ್ತದೆ, ಬಾಯಿ ಮುಂದಾಗಿ ಓರೆಯಾಗಿ ಎಳೆಯುತ್ತ ಹೋಗಿ ಕಲ್ಲಿನ ತುದಿಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಿರುಗಬೇಕು. ಆಮೇಲೆ ಇನ್ನೂ ನಯವಾದ ಕಲ್ಲುಗಳು, 8,000ದವರೆಗೆ. ಹಿಂದೆ ಈ ಕೊನೆಯ ಕೆಲಸಕ್ಕೆ ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳ ಹಳದಿ ಕಲ್ಲು ಹೆಸರಾಗಿತ್ತು. ಅದರಲ್ಲಿ ಹುದುಗಿರುವ ಸೂಕ್ಷ್ಮವಾದ ಗಾರ್ನೆಟ್ ಹರಳುಗಳು ಅನೇಕ ಮುಖಗಳ ಗುಂಡುಗಳಂತಿರುವುದರಿಂದ ಆಳವಾಗಿ ಗೀರದೆ ಮೆಲ್ಲನೆ ಸವರುತ್ತವೆ. ಹರಿತವಾಯಿತೇ ಎಂಬುದನ್ನು ಬೆರಳಿಟ್ಟು ನೋಡಬೇಡಿ. ಬಾಯಿ ಮೇಲಾಗಿ ಕತ್ತಿಯನ್ನು ದೀಪದ ಕೆಳಗೆ ಹಿಡಿದು ಅಂಚನ್ನು ನೆಟ್ಟಗೆ ದಿಟ್ಟಿಸಿ. ಎಲ್ಲಿಯಾದರೂ ಬೆಳ್ಳಿಯ ಗೆರೆಯೊಂದು ಮಿನುಗಿದರೆ ಅಲ್ಲಿ ಬೆಳಕನ್ನು ಹಿಂದಿರುಗಿಸುವಷ್ಟು ಅಗಲ ಇನ್ನೂ ಇದೆಯೆಂದರ್ಥ. ಹರಿತವಾದ ಅಂಚು ಕಣ್ಣಿಗೆ ಕಾಣುವುದಿಲ್ಲ.

ಕಲ್ಲಿನ ಬಳಿಕ ತೊಗಲಿನ ಪಟ್ಟಿ. ಇಲ್ಲಿ ದಿಕ್ಕು ತಿರುವುಮುರುವು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿಯನ್ನು ಮುಂದೆಮಾಡಿದರೆ ಪಟ್ಟಿ ಸೀಳಿಹೋಗುವುದು. ಕೆಲವರು ಪಟ್ಟಿಗೆ ಕೆಂಪು ಹುಡಿಯೊಂದನ್ನು ಸವರುತ್ತಾರೆ; ಅದು ನುಣ್ಣಗಿನ ಕಬ್ಬಿಣದ ಆಕ್ಸೈಡು, ಎಂದರೆ ನಾವು ಅಷ್ಟು ಕಷ್ಟಪಟ್ಟು ತೆಗೆದ ತುಕ್ಕಿನ ದಾಯಾದಿ! ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲಿನಿಂದ ಕತ್ತಿ ಮೊಂಡಾಗುವುದು ಹೇಗೆ ಎಂಬ ಪ್ರಶ್ನೆ ಬಹುಕಾಲ ಉತ್ತರವಿಲ್ಲದೆ ಉಳಿದಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಈ ಕಾಲದ ಬಿಸಾಡುವ ಅಲಗುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿ 2020ರಲ್ಲಿ ಉತ್ತರವನ್ನು ಪ್ರಕಟಿಸಿದರು. ಅಂಚು ಸವೆದು ದುಂಡಾಗುವುದಕ್ಕಿಂತ ಹೆಚ್ಚಾಗಿ ಚೂರುಚೂರಾಗಿ ಒಡೆಯುತ್ತದೆ. ಕೂದಲು ಬಾಗಿ ಅಂಚನ್ನು ಪಕ್ಕಕ್ಕೆ ತಳ್ಳುತ್ತದೆ. ಉಕ್ಕಿನ ರಚನೆ ಎಲ್ಲಿ ಒಂದೇ ಸಮನಾಗಿಲ್ಲವೋ ಅಲ್ಲಿ ಚೂರು ಏಳುತ್ತದೆ. ಒಂದೇ ಸಮನಾದ ಉಕ್ಕಿಗಾಗಿ ಹಂಟ್ಸ್‌ಮನ್ ಮೂಸೆಯ ಮುಂದೆ ಪಟ್ಟ ಪಾಡು ಇಲ್ಲಿ ನೆನಪಾಗದಿರದು.

ಕತ್ತಿಯನ್ನು ಬಳಸುವುದಾದರೆ ಒಬ್ಬರೇ ಬಳಸಬೇಕು. ಕಣ್ಣಿಗೆ ಕಾಣದ ರಕ್ತದ ಲೇಶದಿಂದಲೂ ಯಕೃತ್ತಿನ ಉರಿಯೂತದ ಬಿ ವಿಷಾಣು ಹರಡಬಲ್ಲದು. ನಮ್ಮ ಕ್ಷೌರದಂಗಡಿಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಅರೆ ಅಲಗನ್ನು ಸಿಕ್ಕಿಸುವ ಪದ್ಧತಿ ಬಂದುದು ಒಳ್ಳೆಯದೇ ಆಯಿತು. ಹಳೆಯ ಕತ್ತಿಯನ್ನು ಮೊದಲ ಸಲ ಬಳಸುವ ಮುನ್ನ ಸಾಬೂನಿನಿಂದ ತೊಳೆದು, ವೈದ್ಯಕೀಯ ಉಪಕರಣಗಳಿಗೆಂದೇ ಇರುವ ಸೋಂಕುನಾಶಕದಿಂದ ಶುದ್ಧಿಮಾಡಬೇಕು. ಕುದಿಯುವ ನೀರು 100 ಡಿಗ್ರಿಯಷ್ಟೇ ಆದುದರಿಂದ ಅಲಗಿನ ಹದವನ್ನು ಕೆಡಿಸಲಾರದು. ಆದರೆ ಕೊಂಬಿನ ಹಿಡಿಯನ್ನು ಸೊಟ್ಟಗೆ ಮಾಡುವುದು, ಸೆಲ್ಯುಲಾಯ್ಡನ್ನು ಕೆಡಿಸುವುದು.

ಕ್ಷೌರವಾದೊಡನೆ ಅಲಗನ್ನು ಒರೆಸಿ, ಕೀಲಿನ ಸಂದಿಯಲ್ಲಿ ನೀರು ನಿಲ್ಲದಂತೆ ಒಣಗಿಸಿ, ಹೊಲಿಗೆ ಯಂತ್ರಕ್ಕೆ ಹಾಕುವಂಥ ಖನಿಜ ತೈಲವನ್ನು ಒಂದು ಹನಿ ಸವರಿಡಿ. ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಕಮಟಾಗಿ ಅಂಟಾಗುವುದರಿಂದ ಅದು ಬೇಡ. ತೊಗಲಿನ ಚೀಲ ತೇವವನ್ನು ಹಿಡಿದಿಡುವುದು. ಗಾಳಿಯಾಡುವ ಮರದ ಪೆಟ್ಟಿಗೆ ವಾಸಿ. ಸೆಲ್ಯುಲಾಯ್ಡ್ ಹಿಡಿಯ ಕತ್ತಿಯೊಂದಿದ್ದರೆ ಅದನ್ನು ಉಳಿದ ಕತ್ತಿಗಳ ಜೊತೆಯಲ್ಲಿಡದೆ ಬೇರೆಯ ಪೆಟ್ಟಿಗೆಯಲ್ಲಿಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೆರೆದು ನೋಡುತ್ತಿರಬೇಕು.